ಸಿರಿಂಜಿನಲ್ಲಿ ಉಳಿದದ್ದು

ಗೋಟ್ಯಾನ ಮೈಮೇಲಿನ ಮುಳ್ಳು ಉದುರತೊಡಗಿದಾಗ ಕಾಂಚನಾ ಮೊದಲು ಕೇಳಿದ್ದು ಮೊಬೈಲನ್ನು, ಆಮೇಲೆ ಅಪ್ಪನನ್ನು. ಮಾಪಣ್ಣನ ಮಟ್ಟಿಗೆ ಈ ಎರಡನೆಯದೇ ದೊಡ್ಡ ಸುದ್ದಿ. ಹತ್ತನೇ ಕ್ಲಾಸಿನ ಮಗಳು ಅಪ್ಪನನ್ನು ಒಂದು ಮಾತು ಕೇಳಿ ಎಷ್ಟು ಕಾಲವಾಗಿತ್ತೋ ಏನೋ. ಚಹಾ ಬೇಕೇನವ್ವ ಅಂದರೆ "ನಕೋ", ಊಟ ಆಯ್ತೇನವ್ವ ಅಂದರೆ "ಹೋ ಗಯಾ". ಅಪ್ಪ ಮಗಳ ಸಂವಾದವೆಲ್ಲ ಇಷ್ಟರಲ್ಲೇ ಮುಗಿದುಹೋಗುತ್ತಿತ್ತು.

ಗೋಟ್ಯಾ ಅಂದರೆ ಒಂದು ಹೆಡ್ಜ್‌ಹಾಗ್. ಮುಷ್ಟಿಗಿಂತ ತುಸು ದೊಡ್ಡದು, ಇಲಿಯಂಥ ಮೂತಿ, ಬೆನ್ನ ತುಂಬ ಮುಳ್ಳು. ಮುಟ್ಟಿದರೆ ಸಾಕು, ಗೋಲಿಯ ಹಾಗೆ ಸುತ್ತಿಕೊಂಡು ಬುಸ್ ಅನ್ನುತ್ತಿತ್ತು. ಗೋಲಿಗೆ ಮರಾಠಿಯಲ್ಲಿ ಗೋಟಿ ಅನ್ನುತ್ತಾರಲ್ಲ, ಆ ಹೆಸರು ಬಂದದ್ದು ಹಾಗೆ. ಕಾಂಚನಾಳ ಗೆಳತಿ ಅಕ್ಷಯಾಳ ಮನೆಯವರು ವಾಶಿ ಬಿಟ್ಟು ಪುಣೆಗೆ ಹೋಗುವಾಗ ಪೆಟ್ಟಿಗೆ, ಬಟ್ಟಲು ಸಮೇತ ಇವಳ ಕೈಗೆ ಕೊಟ್ಟು ಹೋಗಿದ್ದರು. "ಮೂರು ಮಂದಿಗಿ ಕಾಲು ಚಾಚಾಕ ಜಾಗ ಇಲ್ಲ, ಅದರಾಗ ಇದೊಂದು ಮುಳ್ಳಿನ ಇಲಿ ಬ್ಯಾರೆ" ಎಂದು ತಾಯಿ ದಾನಮ್ಮ ಗೊಣಗಿದಳು. ಆದರೆ ಕಿವಿಗೆ ವಯರು ಸಿಕ್ಕಿಸಿಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದ ಹುಡುಗಿ ಪೆಟ್ಟಿಗೆಯ ಮುಂದೆ ಕೂತು ಒಬ್ಬಳೇ ನಗುವುದನ್ನು ನೋಡಿದ ಮೇಲೆ ಅವಳೂ ಸುಮ್ಮನಾದಳು. ತುರ್ಭೆಯ ಆ ಒಂದೇ ಕೋಣೆಯಲ್ಲಿ ಗೋಟ್ಯಾನಿಗೂ ಒಂದು ಮೂಲೆ ಸಿಕ್ಕಿತು.

"ಪಪ್ಪಾ, ತುಮ್ ಗಾವ್ ಮೇ ಜಾನ್ವರ್ ಸಂಭಾಲ್ತೇ ಥೇ ನಾ? ಇಸ್ಕೋ ದೇಖೋ ನಾ" ಅಂದಳು ಕಾಂಚನಾ. ಊರಲ್ಲಿ ದನಕರು ನೋಡಿಕೊಂಡವನಲ್ಲವೇ ನೀನು, ಇದನ್ನೊಮ್ಮೆ ನೋಡು ಎಂದು.

ಮಾಪಣ್ಣ ನೋಡಿಕೊಂಡಿದ್ದು ದನಕರುವನ್ನಲ್ಲ, ಕುರಿಗಳನ್ನು. ಸುರಪುರದ ಕಡೆ ಅಜ್ಜನ ಹಿಂಡಿನ ಹಿಂದೆ ನಡೆದೇ ದೊಡ್ಡವನಾದವನು. ಕುರಿಯ ಕಣ್ಣಿನ ರೆಪ್ಪೆ ಬಿಡಿಸಿ ರಕ್ತ ಕಡಿಮೆಯಾಗಿದೆಯೋ ಇಲ್ಲವೋ ಹೇಳಬಲ್ಲವನಾಗಿದ್ದ. ತುರ್ಭೆಯ ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಅವನ ಬೆನ್ನಿಗೆ ಬೆಲೆಯಿತ್ತು, ಈ ವಿದ್ಯೆಯನ್ನು ಕೇಳುವವರೇ ಇರಲಿಲ್ಲ. ಬಟಾಟೆ ಚೀಲಕ್ಕೆ ರಕ್ತಹೀನತೆ ಆಗುವುದಿಲ್ಲವಲ್ಲ.

ಅವನು ಗೋಟ್ಯಾನನ್ನು ಬಾಗಿಲ ಬೆಳಕಿಗೆ ಹಿಡಿದು ಮುಳ್ಳಿನ ಬುಡ ನೋಡಿದ. ಬಿಳಿ ಹೊಟ್ಟಿನಂತೆ ಪುಡಿ, ಕೆಂಪಗಾದ ಚರ್ಮ.

"ಕಜ್ಜಿ ಅದ. ಕಣ್ಣಿಗಿ ಕಾಣಲಾರದ ಹುಳ. ಕುರಿಗಿ ಹಿಂಗೇ ಆಗ್ತದ. ನೀ ಚಿಂತಿ ಮಾಡಬ್ಯಾಡ, ನಾ ಅದೀನಿ" ಅಂದ. ರೋಗವನ್ನು ಅವನು ಸರಿಯಾಗಿಯೇ ಹಿಡಿದಿದ್ದ. ಇದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ, ಏಕೆಂದರೆ ಮುಂದೆ ಅವನ ಪರವಾಗಿ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

ರಜೆಯ ದಿನ ಅವನು ಕಲ್ಯಾಣಕ್ಕೆ ಹೋದ. ಅಲ್ಲಿ ಸೋದರತ್ತೆಯ ಮಗ ಲಕ್ಷ್ಮೀಕಾಂತ ಎಮ್ಮೆ ತಬೇಲೆಯಲ್ಲಿ ಕೆಲಸಕ್ಕಿದ್ದ. ಮಾಲೀಕನ ಹತ್ತಾರು ಆಡುಗಳೂ ಅಲ್ಲೇ ಇದ್ದವು. ಲಕ್ಷ್ಮೀಕಾಂತ ಅವಕ್ಕೆ ಹುಳದ ಇಂಜೆಕ್ಷನ್ ಚುಚ್ಚಿ ಮುಗಿಸಿದಾಗ ಸಿರಿಂಜಿನ ತಳದಲ್ಲಿ ಒಂದಿಷ್ಟು ಉಳಿದಿತ್ತು. ಇಬ್ಬರೂ ಅದನ್ನು ನೋಡಿದರು, ಇಬ್ಬರಿಗೂ ಅಜ್ಜ ನೆನಪಾದ. ಹಿಂಡಿಗೆ ಮದ್ದು ಹಾಕಿದ ಮೇಲೆ ಉಳಿದದ್ದನ್ನು ತಿರುಗಿ ಬಾಟಲಿಗೆ ಬಿಡಬಾರದು, ಇಡೀ ಬಾಟಲಿ ಕೆಡುತ್ತದೆ. ನೆಲಕ್ಕೆ ಚೆಲ್ಲಬಾರದು, ಪಾಪ. ಹಿಂಡಿನಲ್ಲಿ ಎಲ್ಲಕ್ಕಿಂತ ಬಡಕಲು ಯಾವುದೋ ಅದಕ್ಕೆ ಇನ್ನೊಮ್ಮೆ ಚುಚ್ಚಬೇಕು. ಅಜ್ಜ ಹಾಗೆ ಮಾಡುತ್ತಿದ್ದ, ಅಪ್ಪ ಹಾಗೆ ಮಾಡುತ್ತಿದ್ದ. ಒಂದು ಕುರಿಯೂ ಸತ್ತಿರಲಿಲ್ಲ.

"ತಗೊಂಡು ಹೋಗು ಮಾವ. ನಿನ್ನ ಮುಳ್ಳಿಲಿಕಿಂತ ಬಡಕಲು ಇಲ್ಲಿ ಯಾವುದದ?" ಎಂದು ಲಕ್ಷ್ಮೀಕಾಂತ ನಗುತ್ತ ಸೂಜಿಗೆ ಮುಚ್ಚಳ ಹಾಕಿ ಕೊಟ್ಟ.

ಮನೆಗೆ ಬಂದು ಮಗಳ ಮುಂದೆಯೇ ಗೋಟ್ಯಾನ ಕತ್ತಿನ ಹಿಂದೆ ಒಂದೇ ಒಂದು ಹನಿ ಬಿಟ್ಟ. ಕಾಂಚನಾ ಅದರ ಫೋಟೊ ತೆಗೆದು ಅಕ್ಷಯಾಳಿಗೆ ಕಳಿಸಿದಳು. ಕೆಳಗೆ ಏನೋ ಟೈಪ್ ಮಾಡಿ, ಅಪ್ಪ ಕತ್ತು ಚಾಚಿದ್ದನ್ನು ಕಂಡು ನಾಚಿಕೊಂಡು ಓದಿಯೂ ಹೇಳಿದಳು: "ಮೇರೇ ಪಪ್ಪಾ ಡಾಕ್ಟರ್ ಹೈ." ಆ ವಾರವೆಲ್ಲ ಮಾಪಣ್ಣನಿಗೆ ಚೀಲ ಹಗುರವಾಗಿತ್ತು. ಜೊತೆಯ ಹಮಾಲರು, ಏನೋ ಮಾಪಣ್ಣ ಲಾಟರಿ ಹೊಡೀತೇನು ಅಂದರು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಹೊಗಳಿಕೆಯ ರುಚಿ ಹತ್ತಿದವನು ಅರ್ಧಕ್ಕೆ ನಿಲ್ಲುವುದುಂಟೇ? "ಥೋಡಾ ಕಮ್ ಹುವಾ, ಪೂರಾ ನಹೀ" ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ ಎಂದು ಮಗಳು ಒಮ್ಮೆ ಅಂದದ್ದೇ ಸಾಕಾಯಿತು. ಪೂರಾ ಮಾಡಿ ತೋರಿಸುತ್ತೇನೆ ಎಂದುಕೊಂಡ. ಅವಳು ಶಾಲೆಗೆ, ದಾನಮ್ಮ ಪ್ಯಾಕಿಂಗ್ ಫ್ಯಾಕ್ಟರಿಗೆ ಹೋದ ಮೇಲೆ ಗೋಟ್ಯಾನನ್ನು ಅಂಗೈ ಮೇಲಿಟ್ಟು ತೂಗಿ ನೋಡಿದ. ಊರಲ್ಲಿ ಕುರಿಯ ಸೊಂಟಕ್ಕೆ ಕೈಹಾಕಿ ಎತ್ತಿ ಇಷ್ಟೇ ಕಿಲೊ ಅನ್ನುತ್ತಿದ್ದ ಕೈ ಅದು. ಆದರೆ ಇಷ್ಟು ವರ್ಷ ಕ್ವಿಂಟಾಲಿನ ಲೆಕ್ಕದಲ್ಲಿ ಹೊತ್ತ ಕೈಗೆ ಗೋಟ್ಯಾನ ತೂಕ ತೂಕವೆಂದೇ ಅನಿಸಲಿಲ್ಲ. ಅರ್ಧ ಕಿಲೊವೋ, ಎರಡು ಕಿಲೊವೋ, ಯಾರಿಗೆ ಗೊತ್ತು. ಮನೆಯಲ್ಲಿ ಎಲ್ಲರಿಗಿಂತ ಬಡಕಲು ಇದೇ ತಾನೆ ಎಂದುಕೊಂಡು, ಸಿರಿಂಜಿನಲ್ಲಿ ಉಳಿದದ್ದಷ್ಟನ್ನೂ ಅದರ ಚರ್ಮದಡಿ ಚುಚ್ಚಿಬಿಟ್ಟ. ಸಿರಿಂಜನ್ನು ಗಟಾರಕ್ಕೆ ಎಸೆದ. ಮಗಳಿಗೆ ಹೇಳಲಿಲ್ಲ. ಪೂರ್ತಿ ವಾಸಿಯಾದ ಮೇಲೆ ಹೇಳಿದರೆ ಅದರ ಮಜವೇ ಬೇರೆ, ಅಲ್ಲವೇ?

ಮರುದಿನ ಗೋಟ್ಯಾ ಕುಡಿದವನಂತೆ ತೂರಾಡಿತು. ಅದರ ಮರುದಿನ ಒಂದು ಮಗ್ಗುಲಿಗೆ ಬಿದ್ದು ಕಾಲು ನಡುಗಿಸಿತು. ಬಾಯಿಂದ ಜೊಲ್ಲು. ಕಾಂಚನಾ ಮುಟ್ಟಿದರೆ ಸುತ್ತಿಕೊಳ್ಳಲಿಲ್ಲ, ಬುಸ್ ಅನ್ನಲಿಲ್ಲ. ಹೊಟ್ಟೆಯ ಮೆತ್ತಗಿನ ಭಾಗವೆಲ್ಲ ತೆರೆದು ಬಿದ್ದಿತ್ತು. ಹೆಚ್ಚು ಮದ್ದು ಬಿದ್ದ ಕುರಿಮರಿಯನ್ನು ಮಾಪಣ್ಣ ಒಮ್ಮೆ ಬೇರೆಯವರ ಹಿಂಡಿನಲ್ಲಿ ನೋಡಿದ್ದ. ಹೀಗೆಯೇ ಬಿದ್ದಿತ್ತು.

ವಾಶಿಯ ದವಾಖಾನೆಯವರು ನಾಯಿ ಬೆಕ್ಕು ಮಾತ್ರ ನೋಡುತ್ತೇವೆ ಎಂದರು. ಠಾಣೆಯಲ್ಲಿ, ಘೋಡಬಂದರ್ ರಸ್ತೆಯಲ್ಲಿ ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರಿದ್ದಾರೆ, ಈಗಿಂದೀಗಲೇ ಹೋಗಿ ಎಂದರು. ಅಪ್ಪ ಮಗಳು ಠಾಣೆಯ ಲೋಕಲ್ ಹಿಡಿದರು. ಗೋಟ್ಯಾನ ಮೈ ತಣ್ಣಗಾಗುತ್ತಿತ್ತು. ಮಾಪಣ್ಣ ಅದನ್ನು ಪೆಟ್ಟಿಗೆಯಿಂದ ತೆಗೆದು ಅಂಗಿಯೊಳಗೆ, ಹೊಟ್ಟೆಗೆ ಒತ್ತಿ ಇಟ್ಟುಕೊಂಡ. ಗದ್ದಲದಲ್ಲಿ ಜನ ನೂಕಿದಾಗೆಲ್ಲ ಮುಳ್ಳು ಚುಚ್ಚಿತು. ಚುಚ್ಚಲಿ, ಇನ್ನಷ್ಟು ಚುಚ್ಚಲಿ ಎನಿಸಿತು ಅವನಿಗೆ.

ಐರೋಳಿ ದಾಟಿದ ಮೇಲೆ ಕಾಂಚನಾ ಮೊಬೈಲಿನಿಂದ ತಲೆಯೆತ್ತಿದಳು. ಕಣ್ಣು ಊದಿತ್ತು.

"ಪಪ್ಪಾ, ಯಾರೋ ಒಬ್ಬ ಕುರಿ ಇಂಜೆಕ್ಷನ್ನು ಅಂದಾಜ್ ಸೇ ಕೊಟ್ಟಿದ್ದನಂತೆ. ಉಸ್ಕಾ ಹೆಡ್ಜ್‌ಹಾಗ್ ಮರ್ ಗಯಾ. ತುಮ್ನೇ ಏಕೀ ಡ್ರಾಪ್ ದಿಯಾ ಥಾ ನಾ?"

ಇಡೀ ಬೋಗಿಯ ಗದ್ದಲ ಅವನ ಕಿವಿಗೆ ಕೇಳದಾಯಿತು. ಹೇಳಿಬಿಡು ಎಂದಿತು ಮನಸ್ಸು. ನಾಲಿಗೆ ಬೇರೆಯೇ ಹೇಳಿತು.

"ಹೂಂ. ಒಂದೇ."

ಅವಳು ಸಮಾಧಾನದಿಂದ ಅವನ ತೋಳಿಗೆ ತಲೆ ಆನಿಸಿದಳು. ಅಷ್ಟು ದೊಡ್ಡವಳಾದ ಮೇಲೆ ಅವಳು ಹಾಗೆ ಮಾಡಿದ್ದು ಅದೇ ಮೊದಲು. ಮಾಪಣ್ಣನಿಗೆ ಅಲ್ಲೇ ರೈಲಿನಿಂದ ಹಾರಿಬಿಡಬೇಕು ಅನಿಸಿತು.

ಡಾಕ್ಟರ್ ರಮಿತಾ ಉಡುಪಿ ಕಡೆಯವರು. ಕಾಂಚನಾ ಹಿಂದಿಯಲ್ಲಿ ಹೇಳುತ್ತಿದ್ದಾಗ ಮಾಪಣ್ಣ ನಡುವೆ "ಹೌದ್ರಿ" ಅಂದದ್ದು ಕೇಳಿ ಕನ್ನಡಕ್ಕೆ ತಿರುಗಿದರು. ಗೋಟ್ಯಾನನ್ನು ಟವೆಲ್ ಮೇಲೆ ಮಲಗಿಸಿ, ಕಣ್ಣಿಗೆ ಲೈಟು ಬಿಟ್ಟು, ಕಾಲು ಎಳೆದು ನೋಡಿದರು.

"ಮೈಯಲ್ಲಿ ಕಜ್ಜಿಹುಳ ಉಂಟು. ಆದ್ರೆ ಅದ್ರಿಂದ ಹೀಗೆ ಬೀಳುದಿಲ್ಲ. ಎಂತಾದ್ರೂ ಮದ್ದು ಹಾಕಿದ್ದೀರಾ?"

"ಏಕ್ ಡ್ರಾಪ್, ಮೇಡಂ. ಭೇಡ್ ವಾಲಾ. ದೋ ಹಫ್ತೇ ಪೆಹ್ಲೇ" ಎಂದಳು ಕಾಂಚನಾ, ಕುರಿಗೆ ಹಾಕುವ ಮದ್ದು, ಎರಡು ವಾರದ ಹಿಂದೆ ಒಂದೇ ಹನಿ ಎಂದು. "ಪಪ್ಪಾನೇ ದಿಯಾ ಥಾ. ಪಪ್ಪಾಕೋ ಮಾಲೂಮ್ ಹೈ ಯೇ ಸಬ್."

"ಆಮೇಲೆ? ಮತ್ತೆ ಹಾಕಿದ್ರಾ? ಸರಿ ನೆನಪು ಮಾಡಿ ಹೇಳಿ, ಇದು ಮುಖ್ಯ." ಈ ಸಲ ಡಾಕ್ಟರ್ ಕೇಳಿದ್ದು ಮಾಪಣ್ಣನನ್ನೇ.

ಮಗಳು ತನ್ನ ಮುಖವನ್ನೇ ನೋಡುತ್ತಿದ್ದಾಳೆ ಎಂಬುದು ಅವನಿಗೆ ತಿರುಗದೆಯೇ ಗೊತ್ತಾಯಿತು. "ಇಲ್ರಿ" ಅಂದ.

ಡಾಕ್ಟರ್ ನಿಟ್ಟುಸಿರುಬಿಟ್ಟರು. ಅಷ್ಟು ಹಿಂದಿನ ಒಂದು ಹನಿ ಈಗ ಹೀಗೆ ಮಾಡಲಾರದು ಎಂದರು. ಈ ಜಾತಿಯ ಪ್ರಾಣಿಗೆ ಮಿದುಳಿನ ಒಂದು ಕಾಯಿಲೆ ಬರುತ್ತದೆ, ಮೊದಲು ತೂರಾಡುತ್ತದೆ, ಆಮೇಲೆ ಬೀಳುತ್ತದೆ, ಆಮೇಲೆ ನುಂಗಲಿಕ್ಕೂ ಆಗುವುದಿಲ್ಲ. ಅದಕ್ಕೆ ಮದ್ದಿಲ್ಲ. ಇದನ್ನು ನೋಡಿದರೆ ಕೊನೆಯ ಹಂತದಂತೆ ಕಾಣುತ್ತದೆ. "ಮನೆಗೆ ಕೊಂಡೋದ್ರೆ ಹಸಿವಲ್ಲಿ ನರಳಿ ನರಳಿ ಹೋಗ್ತದೆ, ಮಗಾ. ಇಲ್ಲೇ ಶಾಶ್ವತಕ್ಕೆ ಮಲಗಿಸಿಬಿಟ್ರೆ ಅದಕ್ಕೆ ಗೊತ್ತೂ ಆಗುದಿಲ್ಲ. ನೀವು ಹೇಳಿದ ಹಾಗೆ ಮಾಡುವ."

ಕಾಂಚನಾ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನ ತೋಳು ಹಿಡಿದು, "ತುಮ್ ಬೋಲೋ ಪಪ್ಪಾ, ಕ್ಯಾ ಕರೂಂ?" ಎಂದಳು.

ಹೇಳಿದರೆ ಮಗಳ ಕಣ್ಣಲ್ಲಿ ಸಣ್ಣವನಾಗುತ್ತಾನೆ, ಹೇಳದಿದ್ದರೆ ಜೀವ ಹೋಗುತ್ತದೆ. ಎಂಥ ಸುಲಭದ ಲೆಕ್ಕ, ನೋಡುವವರಿಗೆ! ಆದರೆ ಮಾಪಣ್ಣನ ಜಾಗದಲ್ಲಿ ನಿಂತವರಿಗೆ ಗೊತ್ತು. ಹೇಗೂ ಸಾಯುತ್ತದೆ, ಹೇಳಿ ಏನು ಪ್ರಯೋಜನ, ಸುಮ್ಮನೆ ಅವಳ ಮನಸ್ಸನ್ನೂ ಯಾಕೆ ಕೊಲ್ಲಲಿ ಎಂದು ತನಗೆ ತಾನೇ ಹೇಳಿಕೊಂಡ. ಹೇಡಿತನಕ್ಕೆ ದಯೆಯ ಅಂಗಿ ತೊಡಿಸುವುದು ನಮಗೆಲ್ಲ ಬರುತ್ತದೆ. "ಡಾಕ್ಟರ್ ಹೇಳ್ದಂಗ ಮಾಡವ್ವ" ಅಂದುಬಿಟ್ಟ.

ಮೊದಲು ಗ್ಯಾಸು ಕೊಟ್ಟು ನಿದ್ದೆ ಮಾಡಿಸುವುದು, ಆಮೇಲೆ ಇಂಜೆಕ್ಷನ್ನು. ಡಾಕ್ಟರ್ ಪುಟ್ಟ ಮಾಸ್ಕನ್ನು ಗೋಟ್ಯಾನ ಮೂತಿಗೆ ಹಿಡಿದರು. ಕಾಂಚನಾ ಬಗ್ಗಿ ಅದರ ಕಿವಿಯ ಹತ್ತಿರ, "ಸಾರಿ ಗೋಟ್ಯಾ, ಮೇರೀ ಗಲ್ತೀ ಹೈ, ಮೈನೇ ಹೀ ಧ್ಯಾನ್ ನಹೀ ದಿಯಾ" ಎಂದಳು. ತಾನೇ ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ತಪ್ಪೊಪ್ಪಿಕೊಳ್ಳುತ್ತಿದ್ದಳು ಹುಡುಗಿ. ಗೋಟ್ಯಾನ ನಡುಗುತ್ತಿದ್ದ ಕಾಲು ನಿಂತಿತು.

ಮಗಳು ತಪ್ಪನ್ನು ತನ್ನ ಮೇಲೆ ಹಾಕಿಕೊಂಡದ್ದನ್ನು ಮಾತ್ರ ಮಾಪಣ್ಣನಿಗೆ ತಡೆಯಲಾಗಲಿಲ್ಲ.

"ತಡೀರಿ ತಾಯಿ! ತಗೀರಿ ಅದನ್ನ, ತಗೀರಿ!" ಅವನ ಕೂಗಿಗೆ ಹೊರಗಿನ ನಾಯಿಗಳೆಲ್ಲ ಬೊಗಳಿದವು. "ರೋಗ ಅಲ್ರಿ ಅದು. ನಾ ಹಾಕೀನಿ. ಮತ್ತೊಮ್ಮೆ ಹಾಕೀನ್ರಿ. ಸಿರಿಂಜಿನಾಗ ಉಳಿದಿದ್ದು ಅಷ್ಟೂ ಚುಚ್ಚೀನಿ. ಎರಡು ಗೀಟು ಇತ್ತು. ಅಕಿದೇನೂ ತಪ್ಪಿಲ್ರಿ, ಅಕಿಗಿ ಗೊತ್ತೇ ಇಲ್ಲ. ಸಾಲಿಗಿ ಹೋಗಿದ್ಳು."

ಡಾಕ್ಟರ್ ಮಾಸ್ಕು ಕಿತ್ತು ಪಕ್ಕಕ್ಕೆಸೆದರು. ಆಮ್ಲಜನಕದ ನಳಿಗೆ ಹಿಡಿದು, ಎರಡು ಬೆರಳಲ್ಲಿ ಅದರ ಎದೆ ಒತ್ತತೊಡಗಿದರು. "ಎರಡು ಗೀಟಾ? ಮಾರಾಯ್ರೆ, ಅದು ಒಂದು ಕುರಿಮರಿಗೆ ಆಗುವಷ್ಟು ಮದ್ದು! ಇದು ಅರ್ಧ ಕಿಲೊ ಸಹ ಇಲ್ಲ. ಆಗ್ಲೇ ಬಾಯಿ ಬಿಡ್ಲಿಕ್ಕೆ ಎಂತ ಆಗಿತ್ತು ನಿಮ್ಗೆ? ನಾನೀಗ ಕೊಂದೇಬಿಡ್ತಿದ್ದೆ."

ಮಾಪಣ್ಣ ಎದೆ ಒತ್ತುವ ಆ ಬೆರಳುಗಳನ್ನೇ ನೋಡಿದ. ಉಸಿರು ಬರಲಿ, ದೇವರೇ ಉಸಿರು ಬರಲಿ. ಮಗಳ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ. ನೋಡಿದ್ದರೂ ಏನೂ ಕಾಣುತ್ತಿರಲಿಲ್ಲ, ಅವಳು ಬೆನ್ನು ತಿರುಗಿಸಿದ್ದಳು.

ಬಹಳ ಹೊತ್ತಿನ ಮೇಲೆ ಗೋಟ್ಯಾನ ಪಕ್ಕೆಲುಬು ತಾನಾಗಿ ಒಮ್ಮೆ ಏರಿತು, ಇಳಿಯಿತು. ಮತ್ತೆ ಏರಿತು.

ಈ ವಿಷಕ್ಕೆ ಪ್ರತಿವಿಷವಿಲ್ಲ ಎಂದರು ಡಾಕ್ಟರ್. ಮದ್ದು ಮೈಯಿಂದ ತಾನಾಗಿ ಇಳಿಯಬೇಕು. ಅಲ್ಲಿಯವರೆಗೆ ಬೆಚ್ಚಗಿಡಬೇಕು, ಹನಿ ಹನಿಯಾಗಿ ಕುಡಿಸಬೇಕು, ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ನೋಡಬೇಕು. ತಡೆದುಕೊಂಡರೆ ಬದುಕುತ್ತದೆ, ಇಲ್ಲದಿದ್ದರೆ ಇಲ್ಲ. ಕೆಲವು ದಿನ ಅವರೇ ದವಾಖಾನೆಯಲ್ಲಿ ಇಟ್ಟುಕೊಂಡರು. ಆಮೇಲೆ ಬಿಸಿನೀರಿನ ಚೀಲ, ಕುಡಿಸುವ ಪುಡಿ, ಸೂಜಿಯಿಲ್ಲದ ಪುಟ್ಟ ಸಿರಿಂಜು ಕೊಟ್ಟು ಮನೆಗೆ ಕಳಿಸಿದರು. ಹೇಗೆ ಕುಡಿಸಬೇಕೆಂದು ಅವರು ಹೇಳಿಕೊಡುವಾಗ ಮಾಪಣ್ಣನೂ ಬಗ್ಗಿ ನೋಡಿದ. ಕಾಂಚನಾ ನಡುವೆ ಬಂದು ನಿಂತಳು. ಬೇಕೆಂದೇ ನಿಂತಳೋ ಇಲ್ಲವೋ, ಅವನಿಗೆ ಅವಳ ಜಡೆ ಮಾತ್ರ ಕಂಡಿತು.

ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ. ಮನೆಗೆ ಬಂದು ಪೆಟ್ಟಿಗೆಯನ್ನು ತನ್ನ ದಿಂಬಿನ ಪಕ್ಕಕ್ಕೆ ಎಳೆದುಕೊಂಡು ಒಂದೇ ಮಾತು ಹೇಳಿದಳು. "ಪಪ್ಪಾ, ಇಸ್ಕೋ ಹಾಥ್ ಮತ್ ಲಗಾನಾ." ಮುಟ್ಟಬೇಡ, ಅಷ್ಟೇ. ಮಾಪಣ್ಣ ತಲೆಯಾಡಿಸಿದ.

ಮರುದಿನ ಕಾಂಚನಾಳಿಗೆ ಪರೀಕ್ಷೆ. ದಾನಮ್ಮನಿಗೆ ಫ್ಯಾಕ್ಟರಿಯಲ್ಲಿ ರಜೆಯಿಲ್ಲ. ಮಾರ್ಕೆಟ್ಟಿನ ರಾತ್ರಿ ಪಾಳಿ ಮುಗಿಸಿ ಬಂದ ಮಾಪಣ್ಣ ಹಗಲೆಲ್ಲ ಮನೆಯಲ್ಲೇ. ಆದರೂ ಕಾಂಚನಾ ಪೆಟ್ಟಿಗೆಯನ್ನು ಎತ್ತಿಕೊಂಡು ಅಪ್ಪನ ಮುಂದೆಯೇ ಹಾದು ಪಕ್ಕದ ಕೋಣೆಯ ಬಾಗಿಯ ಬಳಿಗೆ ಹೋದಳು. ಬಾಗಿಯೂ ಉಡುಪಿ ಕಡೆಯವಳು, ಗಂಡ ವಾಶಿಯ ಹೋಟೆಲಿನಲ್ಲಿ ಅಡುಗೆಯವನು. ಜಿರಳೆ ಕಂಡರೆ ಮಂಚ ಹತ್ತುವ ಹೆಂಗಸು. ಅಂಥವಳ ಕೈಗೆ ಸಿರಿಂಜು ಕೊಟ್ಟು, ಎರಡೆರಡು ಸಲ ತೋರಿಸಿ, ಅಪ್ಪ ಮುಟ್ಟಬಾರದು ಎಂದೂ ಹೇಳಿ ಹುಡುಗಿ ಶಾಲೆಗೆ ಓಡಿದಳು.

ಮಾಪಣ್ಣ ಚಾಪೆಯ ಮೇಲೆ ಮಲಗಿದ. ನಿದ್ದೆ ಎಲ್ಲಿಯದು? ಗೋಡೆ ತಗಡಿನದು, ಆಚೆಯ ಸದ್ದೆಲ್ಲ ಕೇಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಾಗಿ ಚೀರಿದಳು.

"ಮಾಪಣ್ಣಾ, ಬನ್ನಿ ಮಾರಾಯ್ರೆ! ಇದು ನುಂಗುದೇ ಇಲ್ಲ. ಬಾಯಲ್ಲೆಲ್ಲ ನೊರೆ ಬಂತು. ಎಂತ ಮಾಡುದು ನಾನು?"

ಅವನು ಎದ್ದು ಓಡಿದವನು ಅವಳ ಹೊಸ್ತಿಲಲ್ಲಿ ಗಕ್ಕನೆ ನಿಂತ. ಗೋಟ್ಯಾ ಅಂಗಾತ ಬಿದ್ದು ಒದ್ದಾಡುತ್ತಿತ್ತು. ಗಂಟಲಿಗೆ ಸಿಕ್ಕಿಕೊಂಡಿದೆ ಎಂದು ನೋಡಿದ ಕೂಡಲೇ ತಿಳಿಯಿತು. ಎಷ್ಟು ಕುರಿಮರಿಗಳನ್ನು ಹೀಗೆ ಬದುಕಿಸಿದ್ದಾನೆ! ಎರಡು ಹೆಜ್ಜೆ, ಎರಡು ಬೆರಳು, ಮುಗಿಯಿತು. ಕೈ ತಾನಾಗಿ ಮುಂದೆ ಹೋಯಿತು. ಅವನು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಬೆನ್ನ ಹಿಂದಕ್ಕೆ ಎಳೆದುಕೊಂಡ.

"ಅಂಗಾತ ಇಡಬ್ಯಾಡ್ರಿ. ಬೋರಲ ಮಾಡ್ರಿ, ಮಾರಿ ತೆಳಗ ಬರಲಿ."

"ನಂಗೆ ಆಗುದಿಲ್ಲ! ಮುಳ್ಳುಂಟು! ನೀವೇ ಹಿಡೀರಿ!"

"ನಾ ಮುಟ್ಟಂಗಿಲ್ರಿ, ಅಕ್ಕಾರ. ಟವೆಲ್ಲಿನಾಗ ಹಿಡೀರಿ. ಹೂಂ, ಹಂಗ. ಈಗ ಮಾರಿ ತೆಳಗ ಮಾಡ್ರಿ. ಬೆನ್ನಿನ ಮ್ಯಾಲ ಬೆರಳಿಲೆ ಬಡೀರಿ. ಸಣ್ಣಗ ಅಲ್ಲ, ಇನ್ನೊಂದೀಟು ಜೋರ. ಬಡೀರಿ ಅಕ್ಕಾ, ಬಡೀರಿ!"

"ಸಾಯ್ತದೆ ಮಾಪಣ್ಣ, ನನ್ನ ಕೈಯಲ್ಲೇ ಸಾಯ್ತದೆ! ನಿಮ್ದು ಎಂತ ಹಟ ಇದು? ಹುಡುಗಿಗೆ ನಾನು ಹೇಳುದಿಲ್ಲ, ಬನ್ನಿ!"

ಆ ಮಾತು ಕೇಳಿ ಮಾಪಣ್ಣ ಬೆನ್ನ ಹಿಂದೆ ತನ್ನ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ. "ಬಡೀರಿ" ಅಂದ ಮತ್ತೆ. ಬಾಗಿ ಅಳುತ್ತ, ತುಳುವಿನಲ್ಲಿ ಯಾವುದೋ ಭೂತಕ್ಕೆ ಹರಕೆ ಹೊರುತ್ತ ಬಡಿದಳು. ಒಂದು ಹನಿ ಬಿಳಿಯ ನೀರು ಟವೆಲ್ಲಿನ ಮೇಲೆ ಬಿತ್ತು. ಗೋಟ್ಯಾ ಸೀನಿತು. ಆಮೇಲೆ ಉಸಿರಾಡಿತು.

ಆಮೇಲಿನ ಹೊತ್ತೆಲ್ಲ ಅವನು ಅದೇ ಹೊಸ್ತಿಲಲ್ಲಿ ನಿಂತೇ ಇದ್ದ. ಬಾಗಿ ಚಹಾ ಕೊಟ್ಟರೂ ಬೇಡವೆಂದ. ಹೇಗೆ ಹಿಡಿಯಬೇಕು, ಎಷ್ಟು ಬಿಡಬೇಕು, ಯಾವಾಗ ತಡೆಯಬೇಕು ಎಂದು ಬಾಯಲ್ಲಿ ಮಾತ್ರ ಹೇಳಿದ. ಸಂಜೆಗೆ ಗೋಟ್ಯಾ ನಾಲಿಗೆ ಹೊರಹಾಕಿ ತಾನಾಗಿ ಒಂದಿಷ್ಟು ನೆಕ್ಕಿತು. ಬಾಗಿ ಜಾತ್ರೆ ಕಂಡವಳಂತೆ ಕುಣಿದಳು.

ಗಲ್ಲಿಯ ತುದಿಯಿಂದ ಕಾಂಚನಾ ಓಡಿಬಂದಳು. ಸಮವಸ್ತ್ರ ಬೆವರಿನಲ್ಲಿ ತೊಯ್ದಿತ್ತು. ಹೊಸ್ತಿಲಲ್ಲಿ ನಿಂತ ಅಪ್ಪನನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. ಅವನನ್ನು ದಾಟಿ ಒಳಗೆ ನುಗ್ಗಿ ಏದುಸಿರಿನಲ್ಲೇ ಬಾಗಿಯನ್ನು ಕೇಳಿದಳು.

"ಆಂಟೀ, ಪಪ್ಪಾನೇ ಛುವಾ ಕ್ಯಾ?"

"ಇಲ್ಲ ಮಗಾ. ಮುಟ್ಲಿಲ್ಲ. ಸಾಯ್ಲಿಕ್ಕೆ ಬಿದ್ದಾಗ ಸಹ ಮುಟ್ಲಿಲ್ಲ."

ಕಾಂಚನಾ ಬಾಗಿಯ ಮುಖವನ್ನು ನೋಡಿದಳು. ನಿಜವೇ ಎಂದು ಅಳೆದಳು. ಗೋಟ್ಯಾ ಬದುಕಿದೆಯೇ ಎಂದು ಅವಳು ಕೇಳಿದ್ದು ಆಮೇಲೆ.